ಕಬಡ್ಡಿ ಆಟದ ಗುಸುಗುಸು

"ಕೇಳ್ರಪ್ಪೋ ಕೇಳ್ರಿ! ಟೀವಿಯಲ್ಲಿ ಕಬಡ್ಡಿ ನೋಡುವಾಗ ಮಹಾರಾಜರ ಕಿವಿಗೆ ಗುಸುಗುಸು ಸದ್ದು ಬಡಿಯುತ್ತಿದೆ. ಅದರ ಮೇಲೆ ಮೂರು ಒಗಟುಗಳಿವೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಕೇಳಿ ಹಂಚಿನಗಡದ ಜನ ಬಾಗಿಲು ಹಾಕಿಕೊಂಡರು. ದೊರೆ ಚಿಕ್ಕಭೂಪನಿಗೆ ತನ್ನ ನೆರಳಿನ ಮೇಲೂ ಅನುಮಾನ. ಮೈದಾನದಲ್ಲಿ ಟೀವಿಯವರ ಮೈಕು ಹಿಡಿಯುವ ಹೊನ್ನವ್ವ ಶತ್ರುಗಳಿಗೆ ಸುದ್ದಿ ಪಿಸುಗುಟ್ಟುತ್ತಾಳೆಂದು ಆಗಲೇ ಅವಳನ್ನು ಸೆರೆಮನೆಗೆ ತಳ್ಳಿದ್ದ. ಒಗಟು ಯಾರೂ ಬಿಡಿಸದಿದ್ದರೆ ಹುಣ್ಣಿಮೆಗೆ ಅವಳಿಗೆ ಗಲ್ಲು. ಇಂಥ ದೊರೆಗೆ ಏನು ಹೇಳೋಣ ಹೇಳಿ!

ಮೊದಲು ಪಕ್ಕದ ರಾಜ್ಯದ ಯುವರಾಜ ಮೀಸೆ ತಿರುವುತ್ತ ಬಂದ.

"ಮೈದಾನದಲ್ಲಿದ್ದವರನ್ನು ಕೇಳಿದರೆ ಯಾರಿಗೂ ಕೇಳಿಸಿಲ್ಲವಂತೆ, ಅರಮನೆಯಲ್ಲಿ ಕೂತ ನನಗೆ ಕೇಳುತ್ತದೆ. ಏನಿದರ ಗುಟ್ಟು?" ಎಂದ ದೊರೆ.

"ತಂತಿಯೊಳಗೆ ಹೊಕ್ಕ ಜೀರುಂಡೆ."

ಅವನನ್ನು ಸೆರೆಮನೆಗೆ ಎಳೆದೊಯ್ದರು. ಆಮೇಲೆ ಬಂದ ಆಸ್ಥಾನ ಜೋಯಿಸ, "ವೈರಿಗಳ ಮಾಟ" ಎಂದ. "ಮಾಟದ ವಿಷಯ ನಿನಗೆ ಹೇಗೆ ಗೊತ್ತು?" ಎಂದು ದೊರೆ ಕಣ್ಣು ಕಿರಿದು ಮಾಡಿದ. ಜೋಯಿಸನೂ ಒಳಗೆ ಹೋದ.

ಕೊನೆಗೆ ಹೊನ್ನವ್ವನ ಅಣ್ಣ ತಿಪ್ಪೇಶಿ ಬಂದ. ಮೈದಾನದಲ್ಲಿ ಮಂಡಕ್ಕಿ ಮಾರುವವನು. ದೊರೆ ಅದೇ ಒಗಟು ಕೇಳಿದ.

"ಎಲ್ಲರಿಗೂ ಕೇಳಿಸುತ್ತದೆ ಬುದ್ಧಿ. ಹೇಳೋಕೆ ಭಯ, ಅಷ್ಟೇ."

ದೊರೆ ಎರಡನೆಯದನ್ನು ಕೇಳಿದ: "ಜನ ಕೂಗಿದಾಗ ಅಡಗುತ್ತದೆ, ಸುಮ್ಮನಾದಾಗ ಹೊರಬರುತ್ತದೆ. ಯಾಕೆ?"

"ಆಟಗಾರ ಒಂದೇ ಉಸಿರಲ್ಲಿ 'ಕಬಡ್ಡಿ ಕಬಡ್ಡಿ' ಅನ್ನುತ್ತ ಎದುರಾಳಿ ಅಂಕಣಕ್ಕೆ ನುಗ್ಗಿದಾಗ ನಾವೆಲ್ಲ ಉಸಿರು ಬಿಗಿಹಿಡೀತೀವಿ. ಅದು ನಮ್ಮೂರ ವಾಡಿಕೆ. ಆಗ ಬಾಯಿ ಬಿಡೋರು, ಆಟ ನೋಡದೆ ನಮ್ಮ ಮುಖ ನೋಡೋರು ಮಾತ್ರ."

"ಅವರ ಒಡೆಯ ಯಾರು? ಇದೇ ಮೂರನೆಯದು," ಎಂದು ದೊರೆ ಕತ್ತಿಗೆ ಕೈಹಾಕಿದ.

ತಿಪ್ಪೇಶಿಗೆ ಅಳು ಬಂತು. ತಂಗಿಯನ್ನು ನೆನೆದು ಹೇಳಿಯೇಬಿಟ್ಟ: "ನೀವೇ ಬುದ್ಧಿ. ಬೆಂಚಿಗೊಬ್ಬ ಗೂಢಚಾರನನ್ನು ಕೂರಿಸಿದ್ದೀರಿ. 'ಇವನ್ಯಾಕೆ ಸುಮ್ಮನಾದ, ಅವನ್ಯಾಕೆ ಸುಮ್ಮನಾದ' ಅಂತ ಅವರೇ ಗುಸುಗುಸು ಅಂತಾರೆ. ಆಟಗಾರನ ಉಸಿರು ಹಿಡಿಯೋ ಮೈಕಿಗೆ ಅದೂ ಸಿಗುತ್ತೆ. ಒಂದು ಆಟಕ್ಕೆ ಅವರನ್ನು ಮನೆಗೆ ಕಳಿಸಿ ನೋಡಿ. ಆಮೇಲೂ ಸದ್ದು ಬಂದರೆ ನನ್ನನ್ನೂ ನೇಣಿಗೆ ಹಾಕಿ."

ದೊರೆ ಕಳಿಸಿ ನೋಡಿದ. ಗುಸುಗುಸು ಮಾಯ! ಖುಷಿಯಿಂದ ಸೆರೆಯವರನ್ನೆಲ್ಲ ಬಿಡಿಸಿ, "ಅರ್ಧ ರಾಜ್ಯ ಕೊಡಲೇನೋ?" ಎಂದ.

"ಬೇಡ ಬುದ್ಧಿ. ತಂಗಿ ಸಿಕ್ಕಳು, ಸಾಕು. ಗಡಿ ದಾಟೋಕೆ ಒಂದು ಗಾಡಿ ಕೊಡಿ, ಈಗಲೇ."

ದೊರೆ ನಕ್ಕು ಕೊಟ್ಟ. ಅಣ್ಣ ತಂಗಿ ಹೊರಟರು.

ಸಂಜೆ ದೊರೆ ಮತ್ತೆ ಟೀವಿ ಮುಂದೆ ಕೂತ. ಆಟಗಾರನ ಉಸಿರು ಬಿಟ್ಟರೆ ಬೇರೆ ಸದ್ದೇ ಇಲ್ಲ. ನಿಧಾನವಾಗಿ ಅವನ ಮುಖ ಬಿಗಿಯಿತು. ಮಂತ್ರಿಯನ್ನು ಹತ್ತಿರ ಕರೆದ.

"ಇಷ್ಟು ಜನ ಸೇರಿ ಒಬ್ಬನೂ ತುಟಿ ಬಿಚ್ಚುತ್ತಿಲ್ಲ. ಮನಸ್ಸಲ್ಲಿ ಏನು ಮಸಲತ್ತು ಮಾಡ್ತಿದ್ದಾರೆ? ಆ ಮಂಡಕ್ಕಿಯವನನ್ನು ಹಿಡಿದು ತನ್ನಿ!"

ಅಷ್ಟರಲ್ಲಿ ಗಾಡಿ ಗಡಿ ದಾಟಿತ್ತು.