ತೊಟ್ಟು ಬಾಗಿದ ಪೇರಲ

“ಗುರುಗಳೇ, ಮಠಕ್ಕೆ ಬರುವ ಎಳೆಯ ಮಕ್ಕಳಿಗೆ ಅಕ್ಷರಕ್ಕೂ ಮೊದಲು ಹಣ್ಣಿನ ಚಿತ್ರ ಬರೆಸುತ್ತೀರಿ. ಅದರಿಂದ ಅವರು ಕಲಿಯುವುದಾದರೂ ಏನು?” ಎಂದು ಶಿಷ್ಯ ಮಡಿವಾಳಯ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಹುಟ್ಟಿದ ಕೂಸೂ ಉಳಿಯಲಿಲ್ಲ. ಹಿರಿಯ ಮಗಳು ಇನ್ನೂ ಚಿಕ್ಕವಳು. ಆಗ ಸೋದರತ್ತೆಯ ಮನೆಯಲ್ಲಿದ್ದಳು. ಅವಳು ಮರಳಿ ಬಂದು “ಅವ್ವ ಎಲ್ಲಿ?” ಎಂದಾಗ ನೇಕಾರನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. “ತವರಿಗೆ ಹೋಗಿದ್ದಾಳೆ” ಎಂದುಬಿಟ್ಟ. ಮಗಳು ಮತ್ತೆ ಕೇಳಲಿಲ್ಲ. ಸದ್ಯ ಪಾರಾದೆ ಎಂದುಕೊಂಡು ಅವನು ಮಗ್ಗಕ್ಕೆ ಕೂತ.

ಊರಿನ ಮಠದ ಅಯ್ಯನವರು ಆ ಹುಡುಗಿಯ ಕೈಗೆ ಒಂದು ಪೇರಲ ಹಣ್ಣು ಕೊಟ್ಟು, “ದಿನವೂ ಇದನ್ನೇ ನೋಡಿ ಬರೆ. ಹೇಗೆ ಕಾಣುತ್ತದೋ ಹಾಗೆಯೇ ಬರೆ” ಎಂದರು. ಅವಳು ಹಣ್ಣನ್ನು ಮಗ್ಗದ ಪಕ್ಕ ಇಟ್ಟುಕೊಂಡು ಗೋಡೆಯ ಮೇಲೆ ಇದ್ದಿಲಿನಿಂದ ಬರೆಯತೊಡಗಿದಳು. ದಿನ ಕಳೆದಂತೆ ಹಣ್ಣು ಮೆತ್ತಗಾಯಿತು, ಒಂದು ಮಗ್ಗುಲು ಕಪ್ಪಾಯಿತು, ವಾಸನೆ ಬಂತು. ಮಗು ನೊಂದುಕೊಂಡೀತು ಎಂದು ನೇಕಾರನಿಗೆ ಅಳುಕು. ಅವಳು ಅಂಗಳದಲ್ಲಿದ್ದಾಗ ಅದನ್ನು ಹಿತ್ತಲಿಗೆ ಎಸೆದು, ಅಂಥದ್ದೇ ಇನ್ನೊಂದು ಹಣ್ಣು ತಂದಿಟ್ಟ.

ಮಗಳು ಬಂದು ಕೂತಳು. ಬಹಳ ಹೊತ್ತು ನೋಡಿದಳು. ಇದ್ದಿಲು ಕೆಳಗಿಟ್ಟಳು.

“ಅಪ್ಪಾ, ಇದು ನನ್ನ ಹಣ್ಣಲ್ಲ.”

“ಅದೇ ಹಣ್ಣು, ಕೂಸೇ.”

“ಅಲ್ಲ. ಅದರ ತೊಟ್ಟು ಈ ಕಡೆ ಬಾಗಿತ್ತು. ಇಲ್ಲಿ ಕಪ್ಪಾಗಿತ್ತು.”

ನೇಕಾರ ತಲೆ ತಗ್ಗಿಸಿದ. “ಕೊಳೆತುಹೋಗಿತ್ತು, ಕೂಸೇ. ನೀನು ಅಳ್ತೀಯ ಅಂತ ಎಸೆದೆ.”

ಅವಳು ಅಪ್ಪನ ಮುಖವನ್ನೇ ನೋಡಿದಳು. “ಅವ್ವನೂ ತವರಿನಲ್ಲಿಲ್ಲ, ಅಲ್ವಾ?”

ನೇಕಾರ ಕೈಯಲ್ಲಿದ್ದ ಮಗ್ಗದ ಲಾಳಿಯನ್ನು ಕೆಳಗಿಟ್ಟ. ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಡೆದುದನ್ನೆಲ್ಲ ಹೇಳಿದ. ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಅಳದಿದ್ದವನು ಅಂದು ಬಿಕ್ಕಿ ಬಿಕ್ಕಿ ಅತ್ತ. ಮಗಳೂ ಅವನ ಕೊರಳಿಗೆ ಜೋತುಬಿದ್ದು ಅತ್ತಳು. ಮರುದಿನ ಬೆಳಿಗ್ಗೆ ಅವಳ ಕೈ ಹಿಡಿದು ಅವ್ವನ ಸಮಾಧಿಯ ಬಳಿ ಕರೆದುಕೊಂಡು ಹೋದ.

ಗುರುಗಳು ಮಾತು ನಿಲ್ಲಿಸಿದರು. “ಅಷ್ಟು ಎಳೆಯ ಮಗುವಿಗೆ ಸಾವು ಇಷ್ಟು ಬೇಗ ತಿಳಿಯಬೇಕಿತ್ತೇ, ಗುರುಗಳೇ?” ಎಂದ ಮಡಿವಾಳಯ್ಯ.

“ಅವಳಿಗೆ ಮೊದಲೇ ತಿಳಿದಿತ್ತಪ್ಪಾ, ಅದಕ್ಕೇ ಮತ್ತೆ ಕೇಳಿರಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಲು ಆ ಹಣ್ಣು ಕಲಿಸುವವರೆಗೆ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳು.”