ಒಂದೆಲಗದ ಮಾನ

ಮುತ್ತಲಹಾಳದ ಗುಡ್ಡದ ಬುಡದಲ್ಲಿ ತಗಡು ಹೊದಿಸಿದ ಒಂದೇ ಒಂದು ಕೋಣೆ. ಅದೇ ಮಠ. ಅದಕ್ಕೆ ಶಿಖರವಿರಲಿಲ್ಲ, ಪಲ್ಲಕ್ಕಿಯಿರಲಿಲ್ಲ. ಗದ್ದುಗೆ ಎಂದರೆ ಮಡಚಿ ಹಾಸಿದ ಒಂದು ಕರಿ ಕಂಬಳಿ. ಆ ಕಂಬಳಿಯ ಮೇಲೆ ಕೂತೇ ಪೂಜ್ಯ ಹಾಲಮ್ಮತಾಯಿಯವರು ಮೂವತ್ತೆರಡು ವರ್ಷ ಜನರ ಮನಸ್ಸಿನ ಭಾರ ಇಳಿಸಿದರು. ಪೂರ್ವಾಶ್ರಮದಲ್ಲಿ ಕಲ್ಲಿನ ಕ್ವಾರಿಯಲ್ಲಿ ಜಲ್ಲಿ ಒಡೆದು ಹೊಟ್ಟೆ ಹೊರೆದವರು ಅವರು, ಒಂದಕ್ಷರ ಕಲಿತವರಲ್ಲ. ಹಾಗಿದ್ದೂ ಸೋಮವಾರ ಬಂತೆಂದರೆ ಮೂರು ತಾಲ್ಲೂಕಿನ ಜನ ಅವರ ಅಂಗಳದಲ್ಲಿ ಸೇರುತ್ತಿದ್ದರು. ಇದನ್ನು ಬರೆಯುವಾಗ ನಮ್ಮ ಎದೆ ಒಂದು ಗೇಣು ಉಬ್ಬಿದರೆ ಓದುಗರು ಕ್ಷಮಿಸಬೇಕು. ಕ್ಷಮಿಸದಿದ್ದರೂ ಅದು ಇಳಿಯುವಂಥದ್ದಲ್ಲ.

ತಾಯಿಯವರು ಕೊಡುತ್ತಿದ್ದುದು ನೆರಳಲ್ಲಿ ಒಣಗಿಸಿ ಕುಟ್ಟಿದ ಒಂದೆಲಗದ ಪುಡಿ. ಮಗಳನ್ನು ಗಂಡನ ಮನೆಗೆ ಕಳಿಸಿ ಮನೆ ಬಿಕೋ ಎಂದು ಕೂತ ತಾಯಂದಿರು, ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಮಂಕಾದ ಗುಮಾಸ್ತರು, ಯಾವುದಕ್ಕೂ ಉಮೇದು ಬಾರದ ತರುಣರು, ಇಂಥವರಿಗೆ ನಲವತ್ತೆಂಟು ದಿನದ ಪೊಟ್ಟಣ. ರಾತ್ರಿ ಹಾಲಿನಲ್ಲಿ ಕುಡಿಯಬೇಕು, ಸೋಮವಾರಕ್ಕೊಮ್ಮೆ ಬಂದು ಮುಖ ತೋರಿಸಬೇಕು. ಆದರೆ ಪೊಟ್ಟಣ ಕೈಗೆ ಬರುವ ಮೊದಲು ಅಲ್ಲಿ ಒಂದು ಪದ್ಧತಿಯಿತ್ತು. ತಾಯಿಯವರ ಮುಂದೆ ಒಂದು ಮೊರ ಇರುತ್ತಿತ್ತು. ಬಂದವರು ತಾವು ನುಂಗುವ ಗುಳಿಗೆ, ಕಷಾಯ, ಚೂರ್ಣಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ಅದರಲ್ಲಿ ಇಡಬೇಕು. ಆಮೇಲೆ ತಾಯಿಯವರು ಹತ್ತಿರ ಕರೆದು ಮೆಲ್ಲಗೆ ಮೂರು ಮಾತು ಕೇಳುತ್ತಿದ್ದರು. ನಿದ್ದೆ ಬರುತ್ತದೆಯೇ, ಅನ್ನ ಸೇರುತ್ತದೆಯೇ, ಸಾಯಬೇಕು ಅನ್ನಿಸುತ್ತದೆಯೇ.

ಈ ಸುದ್ದಿ ಗದಗಿನ ಪೇಟೆಯಲ್ಲಿ ಔಷಧದ ಅಂಗಡಿ ಇಟ್ಟಿದ್ದ ಚರಲಿಂಗಯ್ಯ ವೈದ್ಯರ ಕಿವಿಗೂ ಬಿದ್ದಿತ್ತು. ಅವರದು ಏಳು ತಲೆಮಾರಿನ ವೈದ್ಯದ ಮನೆ. ಅವರ ಮುತ್ತಜ್ಜ ಕಟ್ಟಿಕೊಟ್ಟ, ಅದೇ ಒಂದೆಲಗದಿಂದ ಮಾಡುವ ಬ್ರಾಹ್ಮೀ ಲೇಹ್ಯದ ಡಬ್ಬಿಗಳು ಪುಣೆ, ಸೊಲ್ಲಾಪುರದವರೆಗೆ ಹೋಗುತ್ತಿದ್ದವು. ಗಿರಾಕಿ ಹೊಸಬನಾದರೆ ವೈದ್ಯರು ಮೊದಲು ಏಳೂ ಹಿರಿಯರ ಹೆಸರು ಹೇಳುವರು, ಆಮೇಲೆ ನಾಡಿ ಹಿಡಿಯುವರು. ಕೆಮ್ಮು ಹಿಡಿದು ಬಂದವರೂ ಅಷ್ಟು ಹೊತ್ತು ಕೆಮ್ಮು ತಡೆದು ಕೂರಬೇಕಾಗುತ್ತಿತ್ತು. ಇಂಥವರಿಗೆ ಜಲ್ಲಿ ಒಡೆದ ಕೈಯ ಪೊಟ್ಟಣದ ಮೇಲೆ ಗೌರವ ಹುಟ್ಟೀತು ಹೇಗೆ? ಯಾರಾದರೂ ತಾಯಿಯವರ ಹೆಸರೆತ್ತಿದರೆ ಮುಖ ಗಂಟಿಕ್ಕಿ ಬೇರೆ ಮಾತು ತೆಗೆಯುತ್ತಿದ್ದರು.

ಅವರ ತಂಗಿ ದಾನಮ್ಮ ಅವರ ಮನೆಯಲ್ಲೇ ಇದ್ದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದಳು. ಹಿಂದಿನ ವರ್ಷದಿಂದ ಆಕೆಯ ನಗು ನಿಂತಿತ್ತು. ಪಾಠ ಮಾಡುತ್ತ ಮಾಡುತ್ತ ಮಾತು ಮರೆತು ನಿಂತುಬಿಡುವಳು. ಜೊತೆಯ ಶಿಕ್ಷಕಿಯರು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಕೊಟ್ಟ ಗುಳಿಗೆಯಿಂದ ನಾಲ್ಕು ತಿಂಗಳಲ್ಲಿ ಅರ್ಧಕ್ಕರ್ಧ ಚೇತರಿಸಿದಳು. ಆಗ ವೈದ್ಯರ ಕಣ್ಣಿಗೆ ಆ ಗುಳಿಗೆಯ ಚೀಟಿ ಬಿತ್ತು. ಏಳು ತಲೆಮಾರಿನ ಮನೆಯ ಹೆಣ್ಣುಮಗಳು ಪರರ ಗುಳಿಗೆ ನುಂಗುವುದೇ? ಊರಿಗೆಲ್ಲ ಲೇಹ್ಯ ಮಾರುವ ನಾನು ನಾಳೆ ಯಾವ ಮುಖ ಹೊತ್ತು ಗಲ್ಲಾಪೆಟ್ಟಿಗೆಯ ಮುಂದೆ ಕೂರಲಿ? ಅಂದೇ ಗುಳಿಗೆ ಬಿಡಿಸಿದರು, ಲೇಹ್ಯ ತಿನ್ನಿಸಲು ಶುರು ಮಾಡಿದರು.

ಮೊದಲ ವಾರ ಎಲ್ಲ ಸರಿಯಿತ್ತು. ಎರಡನೆಯ ತಿಂಗಳಿಗೆ ದಾನಮ್ಮ ಹಾಸಿಗೆ ಬಿಟ್ಟು ಏಳದಾದಳು. ತಲೆ ಬಾಚಿಕೊಳ್ಳಲಿಲ್ಲ, ಶಾಲೆಗೆ ಹೋಗಲಿಲ್ಲ. ವೈದ್ಯರು ಲೇಹ್ಯದ ಪ್ರಮಾಣ ಹೆಚ್ಚಿಸಿದರು. ಹೆಚ್ಚಿಸಿದಷ್ಟೂ ಆಕೆ ಕುಗ್ಗಿದಳು. ಒಂದು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು, ಮುತ್ತಲಹಾಳಕ್ಕೆ ಕರೆದುಕೊಂಡು ಹೋಗು ಎಂದಳು. ಎರಡು ತಿಂಗಳಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ವೈದ್ಯರಿಗೆ ಅದು ಕಹಿಯಾದರೂ ಒಳಗೊಂದು ಸಮಾಧಾನವಿತ್ತು: ಹೇಗೂ ಆ ತಾಯಿಯೂ ಕೊಡುವುದು ಸೊಪ್ಪೇ ತಾನೇ? ಆಕೆ ಸೊಪ್ಪು ಕೊಟ್ಟರೆ ತಾನು ಮಾಡಿದ್ದೇ ಸರಿ ಎಂದಾಯಿತು. ಲೇಹ್ಯದ ಡಬ್ಬಿಯನ್ನೂ ಚೀಲದಲ್ಲಿ ಇಟ್ಟುಕೊಂಡೇ ಸೋಮವಾರದ ಮೊದಲ ಬಸ್ಸು ಹತ್ತಿದರು.

ಮಠದಲ್ಲಿ ತಮ್ಮ ಸರದಿ ಬಂದಾಗ ವೈದ್ಯರು ಡಬ್ಬಿಯನ್ನು ಮೊರದಲ್ಲಿ ಇಟ್ಟು, ಪದ್ಧತಿಯಂತೆ ಏಳು ಹೆಸರು ಹೇಳಲು ಶುರು ಮಾಡಿದರು. ತಾಯಿಯವರು ಏಳನ್ನೂ ಕೈಮುಗಿದು ಕೇಳಿದರು. ಡಬ್ಬಿಯ ಮುಚ್ಚಳ ತೆಗೆದು ಮೂಸಿ, ತುಪ್ಪ ಹದವಾಗಿ ಕಾಸಿದ್ದೀರಿ, ಭಕ್ತಿಯಿಂದ ಮಾಡಿದ ಔಷಧ ಎಂದು ಮೆಚ್ಚಿಕೊಂಡರು. ವೈದ್ಯರ ಮೀಸೆ ಕುಣಿಯಿತು. ಆಮೇಲೆ ತಾಯಿಯವರು ದಾನಮ್ಮನ ಕಡೆ ತಿರುಗಿ ಇನ್ನೇನಾದರೂ ಇದೆಯೇ ಎಂಬಂತೆ ನೋಡಿದರು. ದಾನಮ್ಮ ಸೆರಗಿನ ಗಂಟು ಬಿಚ್ಚಿ, ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿಯನ್ನು ತೆಗೆದು ಮೊರದಲ್ಲಿ ಇಟ್ಟಳು. ಎರಡು ತಿಂಗಳು ಅದನ್ನು ಸೆರಗಿನಲ್ಲೇ ಕಟ್ಟಿಕೊಂಡಿದ್ದಳು, ನುಂಗುವ ಧೈರ್ಯವೂ ಇಲ್ಲದೆ, ಎಸೆಯುವ ಮನಸ್ಸೂ ಇಲ್ಲದೆ.

ತಾಯಿಯವರು ಆಕೆಯನ್ನು ಹತ್ತಿರ ಕೂರಿಸಿಕೊಂಡು ತಮ್ಮ ಮೂರು ಮಾತು ಕೇಳಿದರು. ನಿದ್ದೆ ಇಲ್ಲ. ಅನ್ನ ಸೇರುವುದಿಲ್ಲ. ಮೂರನೆಯದಕ್ಕೆ ದಾನಮ್ಮ ಅಣ್ಣನ ಕಡೆ ಒಮ್ಮೆ ನೋಡಿದಳು.

"ದಿನಾ ಅನ್ನಸ್ತದ್ರೀ ತಾಯಿ" ಎಂದಳು. "ಹಿತ್ತಲ ಬಾವಿ ಕಡೆ ಎರಡ ಸಲ ಹೋಗಿ ಬಂದೀನಿ."

ಪಕ್ಕದಲ್ಲೇ ಕೂತಿದ್ದ ವೈದ್ಯರು ತಂಗಿಯ ಕೈ ನೋಡಿದರು. ಆ ಕೈಯ ನಾಡಿಯನ್ನು ಅವರು ಅರವತ್ತು ದಿನ ಹಿಡಿದಿದ್ದರು. ವಾತ ಪಿತ್ತಗಳ ಲೆಕ್ಕವೆಲ್ಲ ಹಾಕಿದ್ದರು. ಈ ಒಂದು ಮಾತನ್ನು ಮಾತ್ರ ಕೇಳಿರಲಿಲ್ಲ.

ತಾಯಿಯವರು ಪೊಟ್ಟಣಕ್ಕೆಂದು ಅಳೆದಿದ್ದ ಪುಡಿಯನ್ನು ತಿರುಗಿ ಬುಟ್ಟಿಗೆ ಸುರಿದರು. ಅಂದು ಪುಡಿ ಕೊಡುವುದನ್ನು ನಿಲ್ಲಿಸಿ, ಉಳಿದ ಜನರಿಗೆ ಮರುದಿನ ಬರಲು ಹೇಳಿ, ಕೋಲು ಹಿಡಿದು ಎದ್ದು ನಿಂತರು. ಆಸ್ಪತ್ರೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಇದು ವೈದ್ಯರು ಕನಸಿನಲ್ಲೂ ಎಣಿಸದ ಮಾತು. ಹೆದರಿಕೆ, ನಾಚಿಕೆ, ಸಿಟ್ಟು ಎಲ್ಲ ಒಟ್ಟಿಗೇ ಉಕ್ಕಿ ಬಂದು, ಮೂವತ್ತು ವರ್ಷ ಸೊಪ್ಪು ಹಂಚಿದ ನೀವೇ ಸೊಪ್ಪನ್ನು ಕೈಬಿಟ್ಟರೆ ನಮ್ಮಂಥವರ ಮಾನ ಉಳಿಯುವುದು ಹೇಗೆ ಎಂದು ಕೇಳಿಯೇಬಿಟ್ಟರು.

ತಾಯಿಯವರು ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದರು.

"ಈ ಎಲಿ ನನಗ ದೇವರು, ವೈದ್ಯರೇ. ತನ್ನಿಂದ ಆಗಲಾರದ ಕೆಲಸಕ್ಕ ಹಚ್ಚಿ ಅದರ ಮಾನ ನಾ ಕಳೀಲೇನು?"

ಅಷ್ಟೇ. ಬಸ್ಸಿನಲ್ಲಿ ದಾನಮ್ಮನ ಕೈಯನ್ನು ತಮ್ಮ ಒರಟು ಕೈಯಲ್ಲಿ ಹಿಡಿದುಕೊಂಡೇ ಕೂತರು.

ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಕೋಣೆಯ ಹೊರಗೆ ಬೆಂಚು ತುಂಬಿತ್ತು. ತಾಯಿಯವರು ಅಣ್ಣ ತಂಗಿಯರಿಗೆ ಬೆಂಚು ಬಿಡಿಸಿ ತಾವು ನೆಲದ ಮೇಲೆ ಕೂತರು. ಒಳಗೆ ಕರೆದಾಗ ಮೂವರೂ ಹೋದರು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ವೈದ್ಯರ ಮಗನ ಓರಿಗೆಯವರು. ಹಳೆಯ ಚೀಟಿ, ಅರ್ಧ ಉಳಿದ ಗುಳಿಗೆಯ ಪಟ್ಟಿ ಎರಡನ್ನೂ ನೋಡಿ, ಇಷ್ಟು ಚೇತರಿಸಿಕೊಂಡವರಿಗೆ ಗುಳಿಗೆಯನ್ನು ಹೀಗೆ ಒಮ್ಮೆಲೇ ಬಿಡಿಸಿದವರು ಯಾರು ಎಂದು ಕೇಳಿದರು.

ದಾನಮ್ಮ ತಲೆ ತಗ್ಗಿಸಿದಳು. ಅಣ್ಣನ ಹೆಸರು ಕೆಡಬಾರದೆಂದು, ಇರುವಷ್ಟು ಶಕ್ತಿಯನ್ನೆಲ್ಲ ಕೂಡಿಸಿ, ನಾನೇ ಬಿಟ್ಟೆ ಎಂದಳು.

ತಾಯಿಯವರು ವೈದ್ಯರ ಕಡೆ ನೋಡಲಿಲ್ಲ. ಹಾಗೆ ನೋಡಿದ್ದರೆ ವೈದ್ಯರಿಗೆ ಸುಲಭವಾಗುತ್ತಿತ್ತು. ಸಾಯಬೇಕು ಎನ್ನುತ್ತಿರುವ ತಂಗಿ ಅಣ್ಣನ ಮರ್ಯಾದೆ ಕಾಯಲು ಸುಳ್ಳು ಹೇಳುತ್ತಿದ್ದಾಳೆ. ಆ ಮರ್ಯಾದೆಯ ಬೆಲೆ ಇಷ್ಟೇ ಏನು? ಚರಲಿಂಗಯ್ಯನವರು ಎದ್ದು ನಿಂತರು. ಪೇಟ ಸರಿಮಾಡಿಕೊಂಡರು. ತಮ್ಮ ಏಳೂ ಹಿರಿಯರ ಹೆಸರನ್ನು ಒಂದೂ ಬಿಡದೆ ಹೇಳಿದರು. ಡಾಕ್ಟರು ತಬ್ಬಿಬ್ಬಾಗಿ ಪೆನ್ನು ಕೆಳಗಿಟ್ಟರು.

"ಇಂಥಾ ಮನಿತನದಾಂವ ನಾನು. ಗುಳಿಗಿ ಬಿಡಿಸಿದಾಂವ ನಾನು. ತಪ್ಪು ನಂದು, ಆಕೀದಲ್ಲ. ಬರಕೋರಿ."

ಬಳಿಕ ಲೇಹ್ಯದ ಡಬ್ಬಿಯನ್ನು ತಾವಾಗಿಯೇ ಮೇಜಿನ ಮೇಲಿಟ್ಟು, ಏಳು ತಲೆಮಾರು ಯಾರಿಗೂ ಬಿಟ್ಟುಕೊಡದ, ಲೇಹ್ಯ ಮಾಡುವ ಪಾಠವನ್ನು ಬೇರು, ಎಲೆ, ತೂಕಗಳ ಸಮೇತ ಬಿಡಿಸಿ ಹೇಳಿದರು. ಡಾಕ್ಟರು ಎಲ್ಲವನ್ನೂ ಬರೆದುಕೊಂಡು, ಸದ್ಯಕ್ಕೆ ಇದನ್ನು ನಿಲ್ಲಿಸಿ, ಗುಳಿಗೆಯ ಜೊತೆ ನನ್ನನ್ನು ಕೇಳದೆ ಏನನ್ನೂ ಕೊಡಬೇಡಿ ಎಂದರು. ವೈದ್ಯರು ಆಗಲಿ ಎಂದರು. ಹೊರಗೆ ಬಂದ ಮೇಲೆ ತಾಯಿಯವರ ಪಾದ ಮುಟ್ಟಲು ಬಾಗಿದರೆ, ತಾಯಿಯವರು ತಡೆದು ತಾವೇ ಅವರಿಗೆ ಕೈಮುಗಿದರು. ಆ ಮನೆತನಕ್ಕೆ ಸಂದ ಬಿರುದು ಬಾವಲಿಗಳೇನಿದ್ದವೋ ನಮಗೆ ತಿಳಿಯದು. ಇದಕ್ಕಿಂತ ದೊಡ್ಡದು ಇರಲಾರದು.

ದಾನಮ್ಮ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದಳು. ಚೇತರಿಕೆ ಸಾವಕಾಶವಾಗಿ ಬಂತು. ಮರುವರ್ಷ ಶಾಲೆ ತೆರೆದಾಗ ಮತ್ತೆ ಕೈಯಲ್ಲಿ ಸೀಮೆಸುಣ್ಣ ಹಿಡಿದಳು.

ವೈದ್ಯರ ಅಂಗಡಿ ಇವತ್ತಿಗೂ ಇದೆ, ಲೇಹ್ಯವೂ ಇದೆ. ಮನಸ್ಸು ಸ್ವಲ್ಪ ಮಂಕಾದವರಿಗೆ ಅವರು ಅದನ್ನು ಹೆಮ್ಮೆಯಿಂದಲೇ ಕೊಡುತ್ತಾರೆ. ಮೊದಲು ಕೇಳಬೇಕಾದ್ದನ್ನು ಕೇಳುತ್ತಾರೆ, ಎಷ್ಟೋ ಜನರನ್ನು ತಾವೇ ಜೊತೆಗೆ ಹೋಗಿ ಆಸ್ಪತ್ರೆಗೆ ಮುಟ್ಟಿಸುತ್ತಾರೆ. ತಾಯಿಯವರು ಲಿಂಗೈಕ್ಯರಾದ ಮೇಲೆ ಭಕ್ತರು ಕೂಡಿದಲ್ಲೆಲ್ಲ ಪವಾಡಗಳ ಮಾತು. ಒಬ್ಬರು ಮೂಕ ಮಾತಾಡಿದ್ದನ್ನು ಹೇಳುತ್ತಾರೆ, ಇನ್ನೊಬ್ಬರು ಬತ್ತಿದ ಬಾವಿಗೆ ನೀರು ಬಂದದ್ದನ್ನು. ನೀವೇನು ಕಂಡಿರಿ ಎಂದು ಚರಲಿಂಗಯ್ಯನವರನ್ನು ಕೇಳಿದರೆ, ಅವರು ಎದೆ ಸೆಟೆಸಿ, ಸಭೆಗೆಲ್ಲ ಕೇಳಿಸುವಂತೆ ಹೇಳುವುದು ಇಷ್ಟನ್ನೇ:

"ತಾಯಿಯವರು ನನ್ನ ತಂಗಿಗೆ ಔಷಧ ಕೊಡಲಿಲ್ಲ."