ಗದ್ದಿಗೆಗೆ ಒಪ್ಪದ ಕಂಬಳಿ

“ಗುರುಗಳೇ, ಮತ್ತೊಮ್ಮೆ ಪರೀಕ್ಷೆ ಬರೆಯಲೇ, ಬೇಡವೇ?”

ಇದನ್ನು ಕೇಳಲೆಂದೇ ಮಹಾನಂದಾ ಮಠದ ಕಟ್ಟೆಗೆ ಬಂದಿದ್ದಳು. ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆಯನ್ನು ಅವಳು ಆಗಲೇ ಎರಡು ಸಲ ಬರೆದಿದ್ದಳು. ಎರಡು ಸಲವೂ ಸ್ವಲ್ಪದರಲ್ಲಿ ತಪ್ಪಿತ್ತು. ಡಾಕ್ಟರ್ ಸೀಟಿನ ಬದಲು ಎರಡು ಸಲವೂ ನರ್ಸಿಂಗ್ ಸೀಟು ಸಿಕ್ಕಿತ್ತು. ಹೋದ ವರ್ಷ ಅದನ್ನು ಬಿಟ್ಟುಕೊಟ್ಟಿದ್ದಳು. ಈ ವರ್ಷದ್ದನ್ನು ಇಟ್ಟುಕೊಳ್ಳುತ್ತಾಳೋ ಬಿಡುತ್ತಾಳೋ ಎಂಬುದನ್ನು ನಾಳೆಯೊಳಗೆ ತಿಳಿಸಬೇಕಾಗಿತ್ತು.

ಗುರು ಸಂಗನಬಸವಯ್ಯನವರು ಅವಳಿಗೆ ಅಕ್ಷರ ಕಲಿಸಿದವರು. ಅವರ ಮಾತು ಸ್ವಲ್ಪ ಖಾರ. ಸಿಕ್ಕಿದ ಸೀಟನ್ನು ಏಕೆ ಬಿಡುತ್ತೀ ಎಂದು ಕೇಳಿದರು. ಅವಳು ಮೊದಲು ಅಂಕ, ಕಾಲೇಜು, ಮುಂದಿನ ಓದು ಎಂದು ಏನೇನೋ ಹೇಳಿದಳು. ಗುರುಗಳು ಹೂಂ ಎನ್ನದೆ ನೋಡುತ್ತ ಕುಳಿತರು. ಆಗ ಅವಳು ತಲೆ ತಗ್ಗಿಸಿ ನಿಜ ಹೇಳಿದಳು. ನರ್ಸ್ ಬಟ್ಟೆಯಲ್ಲಿ ಊರವರ ಕಣ್ಣಿಗೆ ಬಿದ್ದರೆ, ಡಾಕ್ಟರ್ ಆಗಲಾರದೆ ಇದಕ್ಕೆ ಬಂದವಳು ಎನ್ನುತ್ತಾರೆ, ಅದನ್ನು ತಾಳಲಾರೆ ಎಂದಳು.

“ಊರವರಿಗೆ ಬೇರೆ ಕೆಲಸವಿಲ್ಲ, ನಿನ್ನನ್ನೇ ನೋಡುತ್ತ ಕೂತಿರುತ್ತಾರೆ ಪಾಪ,” ಎಂದರು ಗುರುಗಳು. “ಕೂತುಕೋ. ಒಬ್ಬ ಕಂಬಳಿ ನೇಕಾರನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಅವಳು ಕಟ್ಟೆಯ ಅಂಚಿಗೆ ಕುಳಿತಳು. ಗುರುಗಳು ಹೇಳತೊಡಗಿದರು.

ಒಂದು ಊರಲ್ಲಿ ಒಬ್ಬ ಕಂಬಳಿ ನೇಕಾರನಿದ್ದ. ಮನೆಯಲ್ಲಿ ಅವನು, ಅವನ ಮುದಿ ತಾಯಿ, ಇಬ್ಬರೇ. ಅವನ ಅಪ್ಪ ನೇಯ್ದ ಕಂಬಳಿ ಒಂದು ಕಾಲಕ್ಕೆ ದೇವರ ಗದ್ದಿಗೆ ಏರಿತ್ತು. ಆ ಊರಲ್ಲಿ ನೇಕಾರನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಅಪ್ಪ ಸತ್ತು ಬಹಳ ಕಾಲವಾಗಿದ್ದರೂ ಜನ ಮಗನನ್ನು ಕಂಡಾಗ ಆ ಕಂಬಳಿಯ ಮಾತನ್ನೇ ತೆಗೆಯುತ್ತಿದ್ದರು. ಮಗನಿಗೂ ಅದೇ ಹಟ ಹಿಡಿಯಿತು. ತನ್ನದೂ ಒಮ್ಮೆ ಏರಬೇಕು, ಆಮೇಲೆ ಬೇಕಾದ್ದಾಗಲಿ.

ಆ ಊರಿನ ಪದ್ಧತಿ ಹೀಗಿತ್ತು. ವರ್ಷಕ್ಕೊಮ್ಮೆ ಗದ್ದಿಗೆಗೆ ಹೊಸ ಕಂಬಳಿ ಹಾಸಬೇಕು. ಕರಿ ಕುರಿಮರಿಯ ಮೊದಲ ಉಣ್ಣೆಯದೇ ಆಗಬೇಕು. ಬಣ್ಣ ಹಾಕಿದ್ದು ನಡೆಯದು. ನೇಕಾರರೆಲ್ಲ ತಮ್ಮ ತಮ್ಮ ಕಂಬಳಿ ತಂದು ಹಿರಿಯರ ಮುಂದೆ ಇಡುತ್ತಾರೆ. ಹಿರಿಯರು ನಾಲ್ಕು ಮೂಲೆ ಹಿಡಿದು ನಡುವೆ ನೀರು ಸುರಿಯುತ್ತಾರೆ. ಹನಿ ಇಳಿಯಬಾರದು. ಬಿಸಿಲಿಗೆ ಹಿಡಿದು ನೋಡುತ್ತಾರೆ. ಬಿಳಿಯ ಎಳೆ ಕಾಣಬಾರದು. ಕೊನೆಗೆ ಒಂದನ್ನು ಮಾತ್ರ ಒಪ್ಪುತ್ತಾರೆ. ಉಳಿದವರನ್ನು ಬೈಯುವುದಿಲ್ಲ, ಹಂಗಿಸುವುದಿಲ್ಲ. ಕಂಬಳಿ ಮಡಚಿ ಕೈಗಿಟ್ಟು, “ಮನೆಯ ಹಿರಿಯರಿಗೆ ಹೊದಿಸಪ್ಪಾ,” ಎನ್ನುತ್ತಾರೆ.

ಹಾಗಾಗಿ ಯಾವ ಮುದುಕನ ಹೆಗಲ ಮೇಲೆ, ಯಾವ ಮುದುಕಿಯ ಮೈಮೇಲೆ ಹೊಸ ಕರಿ ಕಂಬಳಿ ಕಂಡರೂ, ಅವರ ಮಗನದು ಒಪ್ಪಿಗೆಯಾಗಲಿಲ್ಲವೆಂದು ಊರಿಗೆ ತಿಳಿಯುತ್ತಿತ್ತು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಮುದುಕರು ಅದನ್ನು ಹೊದ್ದು ಬಿಸಿಲು ಕಾಯಿಸುತ್ತ ಕೂತು, ನನ್ನ ಮಗನ ಕೈ ನೋಡಿರಿ ಎಂದು ಬೀಗುತ್ತಿದ್ದರು. ನಮ್ಮ ನೇಕಾರನಿಗೆ ಮಾತ್ರ ಆ ನೋಟ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಮೊದಲ ವರ್ಷ ಅವನು ಕಂಬಳಿ ತೆಗೆದುಕೊಂಡು ಹೋದ. ಹಿರಿಯರು ನೀರು ಸುರಿದರು. ಸ್ವಲ್ಪ ಹೊತ್ತು ನಿಂತ ನೀರು ಒಂದು ಮೂಲೆಯಲ್ಲಿ ತೊಟ್ಟಿಕ್ಕಿತು. “ನೇಯ್ಗೆ ಚೆನ್ನಾಗಿದೆ. ಹಿರಿಯರಿಗೆ ಹೊದಿಸಪ್ಪಾ,” ಎಂದರು. ಅವನ ಮುಖ ಕಪ್ಪಿಟ್ಟಿತು. ಮನೆಗೆ ಬಂದಾಗ ತಾಯಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮೈಮೇಲೆ ಗಂಡನ ಕಾಲದ ಕಂಬಳಿ. ಅದು ಸವೆದು ಸವೆದು ಜರಡಿಯಂತಾಗಿತ್ತು. ಮಗನ ಕೈಯಲ್ಲಿ ಕಂಬಳಿ ಹಾಗೇ ಇರುವುದನ್ನು ಕಂಡು ಅವಳು ಕೈ ಮುಂದೆ ಚಾಚಿದಳು.

ಅವನು ಕೊಡಲಿಲ್ಲ. ಮುಂದಿನ ವರ್ಷ ಒಪ್ಪಿಸಿಕೊಂಡು ಬರುತ್ತೇನೆ, ಆಗ ನಿನಗೊಂದು ಬೇರೆಯೇ ನೇಯ್ದು ಕೊಡುತ್ತೇನೆ ಎಂದ. ಒಳಗೆ ಹೋಗಿ ಕಂಬಳಿಯನ್ನು ಗಂಜಿ ಬಿಡಲೆಂದು ಬಿಸಿನೀರಲ್ಲಿ ಅದ್ದಿ, ಎಳೆ ಎಳೆಯಾಗಿ ಬಿಚ್ಚಿ, ನೂಲನ್ನು ಉಂಡೆ ಕಟ್ಟಿಟ್ಟ. ಕರಿ ಉಣ್ಣೆ ಸಿಗುವುದು ಕಷ್ಟ, ಸುಮ್ಮನೆ ಏಕೆ ಹಾಳು ಮಾಡಬೇಕೆಂದು ತನಗೆ ತಾನೇ ಹೇಳಿಕೊಂಡ. ಅದು ಹೊರಗಿನ ಮಾತು. ಒಳಗಿನ ಮಾತು ನಿನಗೆ ಗೊತ್ತು. ತಾಯಿ ಅದನ್ನು ಹೊದ್ದು ಹೊರಗೆ ಕೂರುವುದನ್ನು ಊರು ನೋಡುವುದು ಅವನಿಗೆ ಬೇಕಿರಲಿಲ್ಲ.

ಮರುವರ್ಷ ನೀರೇನೋ ನಿಂತಿತು. ಬಿಸಿಲಿಗೆ ಹಿಡಿದಾಗ ನಡುವೆ ಒಂದು ಬಿಳಿ ಎಳೆ ಕಂಡಿತು. ಮತ್ತೆ ಅದೇ ಮಾತು ಹೇಳಿ ಕಂಬಳಿ ಕೈಗಿಟ್ಟರು. ಅವನು ಹಿಂದಿನ ಓಣಿ ಹಿಡಿದು, ಯಾರಿಗೂ ಮುಖ ತೋರಿಸದೆ ಮನೆ ಸೇರಿದ. ಆ ಸಲ ತಾಯಿ ಬಾಗಿಲಿಗೆ ಬರಲಿಲ್ಲ. ಚಳಿಗಾಲದಲ್ಲಿ ಹಿಡಿದ ಕೆಮ್ಮು ಬೇಸಿಗೆ ಬಂದರೂ ಅವಳನ್ನು ಬಿಟ್ಟಿರಲಿಲ್ಲ. ಇವನು ಒಲೆಯ ಮೇಲೆ ನೀರು ಕಾಯಿಸಿ, ಗೋಡೆಗೆ ಮುಖ ಮಾಡಿ ಕೂತು ಬಿಚ್ಚಿದ. ಅವಳು ಮಲಗಿದಲ್ಲಿಂದ ನೋಡುತ್ತಿದ್ದಳು.

ಗದ್ದಿಗೆಯದು ಹಾಗಿರಲಿ, ಬೇರೆ ಯಾವುದಾದರೂ ಕಂಬಳಿ ನೇಯ್ದು ಕೊಡಬಾರದಿತ್ತೇ ಎಂದು ನೀನು ಕೇಳಬಹುದು. ಅವನೂ ಯೋಚಿಸಿದ. ಆದರೆ ಅವಳ ಮೈಮೇಲೆ ಯಾವ ಹೊಸ ಕಂಬಳಿ ಕಂಡರೂ ಜನ ಅದೇ ಇದು ಎನ್ನುತ್ತಾರಲ್ಲ ಎಂದು ಹಿಂದೆಗೆದ. ನೆರೆಯವರು ತಮ್ಮದೊಂದನ್ನು ಕೊಡಲು ಬಂದರು. ಮಗ ನೇಕಾರನಾಗಿರುವಾಗ ನಾನು ಮಂದಿಯ ಕಂಬಳಿ ಹೊದ್ದರೆ ಅವನ ಮಾನ ಏನಾದೀತು ಎಂದು ತಾಯಿಯೇ ಬೇಡವೆಂದಳು. ಮಗ ತನ್ನ ಮಾನ ನೋಡಿಕೊಂಡ. ತಾಯಿಯೂ ಅವನ ಮಾನವನ್ನೇ ನೋಡಿದಳು. ಚಳಿಯನ್ನು ನೋಡುವವರು ಆ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಅದರ ಮುಂದಿನ ವರ್ಷದ ಕಂಬಳಿಗೆ ಹೆಸರಿಡುವಂತಿರಲಿಲ್ಲ. ನೀರು ನಿಂತಿತು, ಬಿಸಿಲಲ್ಲಿ ಮಸಿಯಂತೆ ಕಂಡಿತು. ಆದರೆ ಆ ವರ್ಷ ಇನ್ನೊಬ್ಬ ನೇಕಾರನದು ಇದಕ್ಕಿಂತ ಒಂದು ಕೂದಲೆಳೆ ಮೇಲಾಗಿತ್ತು. ಹಿರಿಯರು ಎರಡನ್ನೂ ಮುಟ್ಟಿ ಮುಟ್ಟಿ ನೋಡಿದರು. ಕೊನೆಗೆ ಇವನದನ್ನು ಮಡಚಿದರು. ಮಡಚುವಾಗ ಅವರಿಗೂ ಕೆಡುಕೆನಿಸಿರಬೇಕು, ಈ ಸಲ ನಿನ್ನ ತಾಯಿ ಪುಣ್ಯವಂತೆ ಎಂದರು. ಅವನಿಗೆ ಅದು ಕೆನ್ನೆಗೆ ಹೊಡೆದಂತಾಯಿತು. ಮನೆಗೆ ಬಂದವನೇ ಅದನ್ನೂ ಬಿಚ್ಚಿ ಹಾಕಿದ.

ಮಳೆ ಮುಗಿದು ಚಳಿಗಾಲ ಬಂತು. ತಾಯಿ ಹಾಸಿಗೆ ಹಿಡಿದಳು. ಒಂದು ಸಂಜೆ ಅವಳು ಮಗನನ್ನು ಹತ್ತಿರ ಕರೆದಳು. ಮೈ ನಡುಗುತ್ತಿತ್ತು.

“ಒಂದು ಮಾತು ಹೇಳುತ್ತೇನೆ, ಬೈಯಬೇಡ ಮಗಾ,” ಎಂದಳು. “ನೀನು ಕಂಬಳಿ ಹೊತ್ತು ಹೋದಾಗಲೆಲ್ಲ, ಅದು ಒಪ್ಪಿಗೆಯಾಗದಿರಲಿ ಅಂತ ದೇವರನ್ನು ಬೇಡಿಕೊಂಡೆ. ಚಳಿ ತಡೆಯಲಾಗಲಿಲ್ಲಪ್ಪಾ. ನಿನ್ನ ಕೆಲಸ ಕೆಡಿಸಿದವಳು ನಾನೇ. ತಪ್ಪಾಯಿತು.”

ನೇಕಾರನ ಎದೆ ಒಡೆಯಿತು. ತಾಯಿ ಮಗನ ಸೋಲನ್ನು ಬೇಡಿಕೊಂಡಿದ್ದಳು. ಬೇಡಿಕೊಂಡದ್ದು ಕೈಗೂಡಿದಾಗಲೂ ಅವಳಿಗೆ ಕಂಬಳಿ ಸಿಕ್ಕಿರಲಿಲ್ಲ. ಅವನು ಎದ್ದು ಮಗ್ಗದ ಕೋಣೆಗೆ ಹೋದ. ಅಲ್ಲಿ ಕರಿ ನೂಲಿನ ಉಂಡೆಗಳು ಸಾಲಾಗಿ ಕೂತಿದ್ದವು. ಅಷ್ಟು ನೂಲಿದ್ದರೂ ಮುದುಕಿಯ ಪಾದ ಮುಚ್ಚುವಷ್ಟು ಬಟ್ಟೆ ಅಲ್ಲಿರಲಿಲ್ಲ. ಮಗ್ಗಕ್ಕೆ ಹಾಸಿನ ಎಳೆ ಹೂಡಿ, ಹುಣಸೆಬೀಜದ ಗಂಜಿ ಹಚ್ಚಿ, ಒಣಗಿಸಿ, ನೇಯ್ದು ಇಳಿಸುವ ತನಕ ಅವಳು ಇರುವುದಿಲ್ಲವೆಂದು ಅವನಿಗೆ ತಿಳಿಯಿತು.

ಆಗ ಅವನು ನೆರೆಮನೆಗೆ ಓಡಿ ಕಂಬಳಿ ಬೇಡಿದ. ಜನ್ಮದಲ್ಲಿ ಮೊದಲ ಸಲ ಇನ್ನೊಬ್ಬ ನೇಕಾರನ ಮುಂದೆ ಕೈ ಒಡ್ಡಿದ. ನೆರೆಯವನು ಏಕೆ ಏನು ಎನ್ನದೆ ತನ್ನ ಹೆಂಡತಿ ಹೊದ್ದಿದ್ದನ್ನೇ ತೆಗೆದುಕೊಟ್ಟ. ಇವನು ತಂದು ತಾಯಿಗೆ ಹೊದಿಸಿ, ಕಾಲಿನ ಕೆಳಗೆ ಒತ್ತಿ, ಕುತ್ತಿಗೆಯ ತನಕ ಎಳೆದ. ಅವಳ ಕಣ್ಣು ಮಂಜಾಗಿತ್ತು. ಕೈಯಿಂದ ಅಂಚು ಸವರಿ ನೋಡಿದಳು.

“ಇದು ನೀನು ನೇಯ್ದದ್ದೇ?” ಎಂದಳು.

“ಹೌದವ್ವಾ,” ಎಂದ.

ಅವಳು ಅಂಚನ್ನು ಮತ್ತೊಮ್ಮೆ ಸವರಿದಳು. ಬೆಳಗಾಗುವ ಮೊದಲೇ ಹೋದಳು. ಹೊದ್ದ ಕಂಬಳಿಯ ಜೊತೆಗೇ ಅವಳನ್ನು ಮಣ್ಣು ಮಾಡಿದರು. ಆಳೆತ್ತರ ನೂಲು ಇಟ್ಟುಕೊಂಡ ನೇಕಾರನ ತಾಯಿ ಪರರ ನೇಯ್ಗೆಯಲ್ಲಿ ಮಣ್ಣಾದಳು. ಅದನ್ನು ಊರೇ ನೋಡಿತು. ಊರು ನೋಡುತ್ತದೆಂದು ಅವನು ಅಂದು ನಾಚಲಿಲ್ಲ. ಗುಂಡಿಯ ಪಕ್ಕದಲ್ಲಿ ಕೂತು ಬಾಯಿ ಬಿಟ್ಟು ಅತ್ತ.

ಆಮೇಲೆ ಅವನು ಮಗ್ಗ ಬಿಡಲಿಲ್ಲ. ಅವನಿಗೆ ಬೇರೆ ಏನು ಬರುತ್ತಿತ್ತು? ಮುಂದಿನ ವರ್ಷವೂ ನೇಯ್ದ, ತೆಗೆದುಕೊಂಡು ಹೋದ. ಹಿರಿಯರು ನೀರು ಸುರಿದರು, ಬಿಸಿಲಿಗೆ ಹಿಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದಕ್ಕೆ ಸಾಟಿಯಿಲ್ಲ ಎಂದರು. ಕಂಬಳಿಯನ್ನು ಗದ್ದಿಗೆಯ ಮೇಲೆ ಹಾಸಿದರು. ಅವನ ತಲೆಗೆ ರುಮಾಲು ಸುತ್ತಿದರು. ನಿನ್ನ ಅಪ್ಪನಿಗೆ ತಕ್ಕ ಮಗ ಎಂದು ಬೆನ್ನು ತಟ್ಟಿದರು. ಜನ ಒಬ್ಬೊಬ್ಬರಾಗಿ ಬಂದು ಅಡ್ಡಬಿದ್ದು ಹೋದರು. ಗುಡಿ ಖಾಲಿಯಾಯಿತು.

ನೇಕಾರ ಮಾತ್ರ ಹೋಗಲಿಲ್ಲ. ಇನ್ನೇನು ಬೇಕಪ್ಪಾ ಎಂದು ಹಿರಿಯನೊಬ್ಬ ಕೇಳಿದ. ಅವನು ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು, ಮಡಚಿದ ಕಂಬಳಿಯನ್ನು ಯಾರೋ ಕೈಗಿಟ್ಟು ಆ ಹಳೆಯ ಮಾತು ಹೇಳುತ್ತಾರೇನೋ ಎಂಬಂತೆ ನಿಂತೇ ಇದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮಹಾನಂದಾಳ ಕೆನ್ನೆ ಒದ್ದೆಯಾಗಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ನಾಳೆ ಏನೆಂದು ತಿಳಿಸಬೇಕೋ ಅದು ಕತೆಯಲ್ಲಿ ಇದೆಯೋ ಇಲ್ಲವೋ ಎಂದು ಹುಡುಕಿದಳು. ಸಿಗಲಿಲ್ಲ. ಹಾಗಾದರೆ ಇನ್ನು ಪರೀಕ್ಷೆಯನ್ನು ಬರೆಯಲೇಬಾರದೇ ಎಂದು ಮೆಲ್ಲಗೆ ಕೇಳಿದಳು.

ಗುರುಗಳು ಎದ್ದು ನಿಂತರು. ಅವರ ದನಿಯಲ್ಲಿ ಮೊದಲಿನ ಖಾರವಿರಲಿಲ್ಲ.

“ಬರೆ ತಾಯಿ, ಎಷ್ಟು ಸಲ ಬೇಕಾದರೂ ಬರೆ, ಆದರೆ ಕೈಗೆ ಬಂದದ್ದನ್ನು ಬಿಚ್ಚಲು ಹೊರಟಿದ್ದೀಯಲ್ಲ, ಅದು ಹಾಸಿಗೆ ಹಿಡಿದ ಯಾವ ಜೀವ ಹೊದೆಯಬೇಕಾಗಿದ್ದ ಕಂಬಳಿ, ಅಷ್ಟನ್ನು ನನಗೆ ಹೇಳಿ ಹೋಗು.”